ಒಂದೇ ತಂತಿ, ಹಲವು ಮಾತು

ರೇಡಿಯೋದ ಗುಂಡಿಯನ್ನು ತಿರುಗಿಸುವಾಗ ನಮ್ಮಲ್ಲಿ ಯಾರಿಗೂ ಆಶ್ಚರ್ಯವೆನಿಸುವುದಿಲ್ಲ. ಮಧ್ಯಮ ತರಂಗದ ಪಟ್ಟಿಯಲ್ಲಿ 612ರ ಬಳಿ ಬೆಂಗಳೂರು, 765ರ ಬಳಿ ಧಾರವಾಡ ಎಂದು ಹತ್ತಾರು ವರ್ಷ ಕೇಳಿ ರೂಢಿಯಾದವರು ನಾವು. ಆದರೆ ಒಂದು ಗಳಿಗೆ ಯೋಚಿಸಿ ನೋಡಿ. ಮಾಳಿಗೆಯ ಮೇಲಿನ ಏರಿಯಲ್ ತಂತಿ ಒಂದೇ. ಬೆಂಗಳೂರಿನ ವಾರ್ತೆ, ಧಾರವಾಡದ ಗಾಯನ, ಮತ್ತೆಲ್ಲಿಯದೋ ಭಾಷಣ, ಎಲ್ಲವೂ ಏಕಕಾಲಕ್ಕೆ ಅದೇ ತಂತಿಯಲ್ಲಿ ಇಳಿದು ಬರುತ್ತಿರುತ್ತವೆ. ಸಂತೆಯ ಗದ್ದಲದಂತೆ ಅವು ಕಲೆತುಹೋಗಬೇಕಾಗಿತ್ತು, ಹೋಗುವುದಿಲ್ಲ. ನಮಗೆ ಬೇಕಾದ ಒಂದನ್ನು ಹೆಕ್ಕಿಕೊಂಡು ಉಳಿದವನ್ನು ಬಿಟ್ಟುಬಿಡುತ್ತೇವೆ.

ಒಂದೇ ದಾರಿಯಲ್ಲಿ ಹಲವು ಸುದ್ದಿಗಳನ್ನು ಕಳುಹಿಸಿ ಆಚೆಯ ತುದಿಯಲ್ಲಿ ಬೇರ್ಪಡಿಸಿಕೊಳ್ಳುವ ಈ ವಿದ್ಯೆಗೆ ಇಂಜಿನಿಯರುಗಳು ಮಲ್ಟಿಪ್ಲೆಕ್ಸ್ ಎಂದು ಹೆಸರಿಟ್ಟರು. (ಪೇಟೆಯ ಮಕ್ಕಳಿಗೆ ಈ ಮಾತು ಹೇಳಿದರೆ ಯಾವ ಸಿನಿಮಾ ಎಂದು ಕೇಳಿಯಾರು. ಸಿನಿಮಾ ಮಂದಿರಕ್ಕಿಂತ ಇದು ಬಹಳ ಹಳೆಯದು.) ರಾಯಚೂರು ಸೀಮೆಯಲ್ಲಿರುವವರಿಗೆ ಇದು ಬರಿಯ ಕುತೂಹಲದ ಸಂಗತಿಯೂ ಅಲ್ಲ. ರಾತ್ರಿ ಮನೆಯಲ್ಲಿ ದೀಪ ಉರಿಯುವುದಕ್ಕೂ, ಮಾನ್ವಿಯ ಕಡೆಯ ಹೊಲಕ್ಕೆ ನೀರು ತಲುಪುವುದಕ್ಕೂ ಇದರ ನಂಟು ಉಂಟು.

ಹಲವರು ಒಂದೇ ದಾರಿಯನ್ನು ಹಂಚಿಕೊಳ್ಳಲು ಇರುವ ಮುಖ್ಯ ಉಪಾಯಗಳು ಎರಡು. ಮೊದಲನೆಯದು ಸರದಿ. ಇದನ್ನು ದೇವದುರ್ಗದ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ನಾರಾಯಣಪುರ ಬಲದಂಡೆ ಕಾಲುವೆಯಲ್ಲಿ ನೀರು ಕಡಿಮೆಯಾದಾಗ ವಾರಾಬಂದಿ ಬರುತ್ತದೆ: ಇಷ್ಟು ದಿನ ಚಾಲೂ, ಇಷ್ಟು ದಿನ ಬಂದ್. ಕಾಲುವೆ ಒಂದೇ, ತೂಬುಗಳು ಹಲವು, ಪ್ರತಿಯೊಂದಕ್ಕೂ ತನ್ನ ಪಾಳಿ. ಪಾಳಿ ಬಂದಾಗ ಇಡೀ ಕಾಲುವೆ ತನ್ನದೇ ಎಂಬಂತೆ ನೀರು ಹಾಯಿಸಿಕೊಳ್ಳುವುದು, ಮುಗಿದೊಡನೆ ಬಿಟ್ಟುಕೊಡುವುದು.

ತಂತಿಗೆ ಇದೇ ನ್ಯಾಯವನ್ನು ಹಚ್ಚಿದವನು ಫ್ರಾನ್ಸಿನ ಎಮಿಲ್ ಬೋದೋ. ಅವನೂ ರೈತನ ಮಗನೇ. 1845ರಲ್ಲಿ ಹುಟ್ಟಿ, ತಂದೆಯ ಹೊಲದಲ್ಲಿ ದುಡಿದು, 1869ರಲ್ಲಿ ತಂತಿ ಇಲಾಖೆಯನ್ನು ಸೇರಿದ. ಆ ಕಾಲದಲ್ಲಿ ಒಬ್ಬ ನೌಕರ ಕೀಲಿಯನ್ನು ಕುಟ್ಟುತ್ತಿರುವಷ್ಟು ಹೊತ್ತು ತಂತಿ ಪೂರ್ತಿ ಅವನದಾಗಿರುತ್ತಿತ್ತು. ಅವನು ಕೈ ಎತ್ತಿ ಮುಂದಿನ ಅಕ್ಷರವನ್ನು ಯೋಚಿಸುವಷ್ಟರಲ್ಲಿ ನೂರಾರು ಮೈಲಿಯ ತಂತಿ ಸುಮ್ಮನೆ ಖಾಲಿ. ಬೋದೋ 1874ರಲ್ಲಿ ಪೇಟೆಂಟು ಪಡೆದ ಯಂತ್ರದಲ್ಲಿ ಒಂದು ತಿರುಗುವ ಕುಂಚವಿತ್ತು. ಗಡಿಯಾರದ ಮುಳ್ಳಿನಂತೆ ಸುತ್ತುತ್ತ ಅದು ತಂತಿಯನ್ನು ಮೊದಲನೆಯ ನೌಕರನಿಗೆ, ಆಮೇಲೆ ಎರಡನೆಯವನಿಗೆ, ಮೂರನೆಯವನಿಗೆ ಹೀಗೆ ಒಪ್ಪಿಸುತ್ತ ಹೋಗುತ್ತಿತ್ತು. ಒಬ್ಬೊಬ್ಬನ ಮುಂದೆಯೂ ಐದು ಕೀಲಿಗಳು, ಎಡಗೈಗೆ ಎರಡು, ಬಲಗೈಗೆ ಮೂರು. ಒತ್ತಿದ್ದು, ಒತ್ತದೆ ಬಿಟ್ಟದ್ದು ಎಂದು ಲೆಕ್ಕ ಹಾಕಿದರೆ ಐದು ಕೀಲಿಗಳಿಂದ 32 ಬಗೆಯ ಗುರುತುಗಳು ಸಿಗುತ್ತವೆ. ರೋಮನ್ ಅಕ್ಷರಗಳಿಗೆ ಅಷ್ಟು ಸಾಕು. ಕುಂಚ ತನ್ನ ಬಳಿಗೆ ಬರುವ ಹೊತ್ತಿಗೆ ಸರಿಯಾಗಿ ಕೀಲಿ ಒತ್ತಿರಬೇಕು. ತಾಳ ತಪ್ಪಿದರೆ ಅಕ್ಷರವೂ ತಪ್ಪಿತು. ಆ ನೌಕರರಿಗೆ ಸಂಗೀತ ಗೊತ್ತಿತ್ತೋ ಇಲ್ಲವೋ ಕಾಣೆ. ಲಯಜ್ಞಾನ ಮಾತ್ರ ಇರಲೇಬೇಕಾಗಿತ್ತು. ಇಂದಿಗೂ ಸಂಕೇತಗಳ ವೇಗವನ್ನು ಅಳೆಯುವ ಮಾನಕ್ಕೆ ಅವನ ಹೆಸರಿನಿಂದಲೇ ಬಾಡ್ ಎನ್ನುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಈಚೆಯ ಕುಂಚವೂ ಆಚೆಯ ಕುಂಚವೂ ಒಂದೇ ಹೆಜ್ಜೆಯಲ್ಲಿ ತಿರುಗಬೇಕು. ಒಂದು ಮನೆಯಷ್ಟು ಹಿಂದೆ ಬಿದ್ದರೂ ಸಾಕು, ಮೊದಲನೆಯವನ ಮಾತು ಎರಡನೆಯವನ ಕಾಗದದ ಮೇಲೆ ಅಚ್ಚಾಗುತ್ತದೆ. ಅಕ್ಷರವೆಲ್ಲ ಸರಿಯಾಗಿಯೇ ಇರುತ್ತದೆ. ವಿಳಾಸ ಮಾತ್ರ ಸುಳ್ಳು. ಕಾಲುವೆಯ ಭಾಷೆಯಲ್ಲಿ ಹೇಳುವುದಾದರೆ, ಮಾನ್ವಿಯ ಗೇಜಿನಲ್ಲಿ ಕಂಡ ನೀರಿನ ಮಟ್ಟವನ್ನು ಕಚೇರಿಯಲ್ಲಿ ಸಿಂಧನೂರಿನ ಸಾಲಿನಲ್ಲಿ ಬರೆದುಕೊಂಡಂತೆ. ಇಂಥ ತಪ್ಪನ್ನು ಕಂಡುಹಿಡಿಯುವುದು ಬಹಳ ಕಷ್ಟ. ಅಂಕಿ ಅಂಕಿಯಾಗಿಯೇ ಕಾಣುತ್ತದಲ್ಲ! ಆದ್ದರಿಂದ ಸರದಿಯ ಏರ್ಪಾಡುಗಳಲ್ಲೆಲ್ಲ ಸಮಯ ಹೊಂದಿಸುವುದಕ್ಕೇ ಒಂದು ಪಾಳಿಯನ್ನು ಮೀಸಲಿಡುತ್ತಾರೆ. ನಮ್ಮ ದೇಶದ ದೂರವಾಣಿ ಜಾಲದಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ ಒಂದು ಪದ್ಧತಿಯಲ್ಲಿ 32 ಪಾಳಿಗಳು. ಅವುಗಳಲ್ಲಿ 30 ಮಾತ್ರ ಜನರ ಮಾತಿಗೆ. ಒಂದು ಹೆಜ್ಜೆ ಹೊಂದಿಸುವುದಕ್ಕೆ, ಇನ್ನೊಂದು ಕರೆಗಂಟೆಯೇ ಮೊದಲಾದ ವ್ಯವಹಾರಕ್ಕೆ. ಪ್ರತಿಯೊಬ್ಬನ ಪಾಳಿಯೂ ಸೆಕೆಂಡಿಗೆ 8000 ಸಲ ಬರುತ್ತದೆ. ಮನುಷ್ಯನ ದನಿ ತುಂಡುತುಂಡಾಗಿ ಹೋಗುತ್ತಿದೆಯೆಂಬುದು ಕಿವಿಗೆ ತಿಳಿಯುವುದೇ ಇಲ್ಲ. ಕಾಲುವೆಯ ನೀರಿನ ಮಟ್ಟಕ್ಕೆ ಇಷ್ಟು ಅವಸರವಿಲ್ಲ. ಕಾಲುಗಂಟೆಗೊಮ್ಮೆ ಪಾಳಿ ಬಂದರೆ ಧಾರಾಳವಾಯಿತು.

ಎರಡನೆಯ ಉಪಾಯ ಶ್ರುತಿ. ಇದು ನಮ್ಮ ರೇಡಿಯೋದ ಉಪಾಯವೇ. ಒಬ್ಬೊಬ್ಬರಿಗೆ ಒಂದೊಂದು ಆವರ್ತನವನ್ನು ಹಂಚಿಕೊಟ್ಟರೆ ಯಾರೂ ಯಾರಿಗೂ ಕಾಯಬೇಕಾಗಿಲ್ಲ, ಎಲ್ಲರೂ ಒಟ್ಟಿಗೆ ಮಾತನಾಡಬಹುದು. ಇದನ್ನು ಗಾಳಿಯಿಂದ ಇಳಿಸಿ ತಂತಿಗೆ ಕಟ್ಟಿದವರಲ್ಲಿ ಅಮೆರಿಕದ ಸೇನೆಯ ಜಾರ್ಜ್ ಓವೆನ್ ಸ್ಕ್ವಯರ್ ಮುಖ್ಯ. ಸಿಪಾಯಿಯೆಂದರೆ ಬಂದೂಕು ಮಾತ್ರ ಬಲ್ಲವನೆಂದು ತಿಳಿಯಬಾರದು. 1893ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟು ಪಡೆದು ವಿದ್ಯುತ್ತನ್ನೇ ಜೀವಮಾನದ ವ್ಯಾಸಂಗ ಮಾಡಿಕೊಂಡವನು ಆತ. 1910ರಲ್ಲಿ ವಾಷಿಂಗ್ಟನ್ ನಗರದ ಒಂದು ದೂರವಾಣಿ ತಂತಿಯ ಮೇಲೆ, ನಡೆಯುತ್ತಿದ್ದ ಮಾತುಕತೆಗೆ ಭಂಗ ಬಾರದಂತೆ, ಎತ್ತರದ ಆವರ್ತನದಲ್ಲಿ ಇನ್ನೊಂದು ಮಾತುಕತೆಯನ್ನು ನಡೆಸಿ ತೋರಿಸಿದ. ತಂತಿಯ ಮೇಲಿನ ನಿಸ್ತಂತು ಎನ್ನಬಹುದಾದ ವಿಚಿತ್ರ! 1911ರಲ್ಲಿ ದೊರೆತ ಪೇಟೆಂಟುಗಳನ್ನು ಜನತೆಯ ಉಪಯೋಗಕ್ಕೆಂದು ಬಿಟ್ಟುಕೊಟ್ಟ. ಕೆಲವು ವರ್ಷಗಳ ಮೇಲೆ ಮನಸ್ಸು ಬದಲಾಗಿ ದೊಡ್ಡ ದೂರವಾಣಿ ಕಂಪನಿಯ ಮೇಲೆ ದಾವೆ ಹೂಡಿದ. ಒಮ್ಮೆ ಜನತೆಗೆ ಕೊಟ್ಟದ್ದು ಕೊಟ್ಟದ್ದೇ ಎಂದಿತು ನ್ಯಾಯಾಲಯ.

ಸ್ಕ್ವಯರನ ಉಪಾಯ ದೂರವಾಣಿಯ ತಂತಿಗಷ್ಟೇ ನಿಲ್ಲಲಿಲ್ಲ. ವಿದ್ಯುಚ್ಛಕ್ತಿಯನ್ನು ಸಾಗಿಸುವ ದಪ್ಪ ತಂತಿಯೂ ತಂತಿಯೇ. ಅದರಲ್ಲಿ ಹರಿಯುವ ವಿದ್ಯುತ್ತು ಸೆಕೆಂಡಿಗೆ 50 ಸಲ ಅತ್ತಿತ್ತ ತೂಗುತ್ತದೆ. ಅದಕ್ಕಿಂತ ಸಾವಿರಾರು ಪಟ್ಟು ಎತ್ತರದ ಶ್ರುತಿಯಲ್ಲಿ ಮಾತನ್ನು ಏರಿಸಿದರೆ ಎರಡಕ್ಕೂ ಜಗಳವಿಲ್ಲ. ಊರ ಹೊರಗಿನ ದೊಡ್ಡ ವಿದ್ಯುತ್ ಉಪಕೇಂದ್ರದ ಬೇಲಿಯ ಹೊರಗೆ ನಿಂತು ಮೇಲೆ ನೋಡಿ. ಗೋಪುರದಿಂದ ತಂತಿ ಒಳಗಿಳಿಯುವ ಕಡೆ ಪೀಪಾಯಿಯಂಥ ಸುರುಳಿಯೊಂದು ತೂಗಾಡುತ್ತಿರುವುದು ಹಲವೆಡೆ ಕಾಣುತ್ತದೆ. ಎಷ್ಟೋ ಮಂದಿ ಅದನ್ನು ಭಾರಕ್ಕೆ ಕಟ್ಟಿದ್ದಾರೆಂದು ಎಣಿಸಿದ್ದಾರೆ. ಅದು ಶ್ರುತಿಗಳನ್ನು ಬೇರ್ಪಡಿಸುವ ದ್ವಾರಪಾಲಕ: 50ರ ತೂಗಾಟವನ್ನು ಒಳಕ್ಕೆ ಬಿಡುತ್ತದೆ, ಮಾತಿನ ಎತ್ತರದ ಶ್ರುತಿಯನ್ನು ತಡೆಯುತ್ತದೆ. ತಡೆದ ಮಾತನ್ನು ಪಕ್ಕದ ಪಿಂಗಾಣಿ ಕಂಬದೊಳಗಿನ ಕೆಪಾಸಿಟರ್ ಕೆಳಗಿಳಿಸಿ ದೂರವಾಣಿಯ ಪೆಟ್ಟಿಗೆಗೆ ಮುಟ್ಟಿಸುತ್ತದೆ. ಆ ಮಾತಿನೊಳಗೂ ಮತ್ತೆ ಹಂಚಿಕೆ: ಕೆಳಗಿನ ಶ್ರುತಿಗಳಲ್ಲಿ ಇಬ್ಬರು ಇಂಜಿನಿಯರುಗಳ ಸಂಭಾಷಣೆ, ಮೇಲಿನ ಕಿರಿದಾದ ಪಟ್ಟಿಯಲ್ಲಿ ಅಳತೆಯ ಅಂಕಿಗಳು ಮತ್ತು ಅಪಾಯದ ಸಂಕೇತ. ತಂತಿಯ ಮೇಲೆ ಮರ ಬಿತ್ತೆನ್ನಿ. ಈ ತುದಿಯ ಯಂತ್ರ ಆ ತುದಿಗೆ ‘ನೀನೂ ಕಡಿದುಕೋ’ ಎಂದು ಕೂಗುತ್ತದೆ. ಮನುಷ್ಯ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ಕಡೆ ಕಡಿತವಾಗಿರುತ್ತದೆ.

ಈ ಕೂಗು ಎಷ್ಟು ಮುಖ್ಯವೆಂಬುದು 2012ರ ಜುಲೈ ಕೊನೆಯಲ್ಲಿ ದೇಶಕ್ಕೆಲ್ಲ ತಿಳಿಯಿತು. 30 ಮತ್ತು 31ರಂದು ಉತ್ತರದ ಜಾಲಗಳು ಕುಸಿದು, 31ರಂದು ಸುಮಾರು 60 ಕೋಟಿ ಜನರಿರುವ ಪ್ರದೇಶಕ್ಕೆ ಕತ್ತಲೆ ಕವಿಯಿತು. ದಕ್ಷಿಣದ ಜಾಲ ಆಗ ಉತ್ತರದೊಡನೆ ಒಂದೇ ತಾಳದಲ್ಲಿ ಕೂಡಿರಲಿಲ್ಲವಾಗಿ ನಾವು ಪಾರಾದೆವು. ಮರುವರ್ಷ, 2013ರ ಡಿಸೆಂಬರ್ 31ರಂದು, ಸೊಲ್ಲಾಪುರದಿಂದ ರಾಯಚೂರಿಗೆ ಬಂದ 765 ಕಿಲೋವೋಲ್ಟಿನ ಮಾರ್ಗ ಚಾಲನೆಗೊಂಡು ದಕ್ಷಿಣವೂ ಉಳಿದ ದೇಶವೂ ಒಂದೇ ತಾಳಕ್ಕೆ ಬಿದ್ದವು. ಧಾರವಾಡ ಆಕಾಶವಾಣಿಯ ಅಂಕಿಯೂ 765ಲ್ಲವೇ ಎಂದು ನೆನಪಾಗಿ ನನಗೆ ನಗು ಬಂದಿತ್ತು. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೆ ರಾಯಚೂರಿಗೆ ಕೂಡುಸ್ಥಳವಾಗುವುದು ಹೊಸದಲ್ಲ. 1871ರಲ್ಲಿ ಮುಂಬಯಿ ಕಡೆಯ ರೈಲು ಹಾದಿಯೂ ಮದರಾಸು ಕಡೆಯ ಹಾದಿಯೂ ಸೇರಿದ್ದು ಇದೇ ಊರಿನಲ್ಲಿ. ಪಕ್ಕದ ಶಕ್ತಿನಗರದಲ್ಲಿ 1985ರಿಂದ ಒಂದೊಂದಾಗಿ ಎದ್ದ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ಇಷ್ಟು ದೊಡ್ಡ ಕೂಟದಲ್ಲಿ ಯಾರು ಎಷ್ಟು ಉತ್ಪಾದಿಸುತ್ತಿದ್ದಾರೆ, ಯಾವ ಮಾರ್ಗದಲ್ಲಿ ಎಷ್ಟು ಹರಿಯುತ್ತಿದೆ ಎಂಬ ಅಂಕಿಗಳು ಬೆಂಗಳೂರಿನ ನಿಯಂತ್ರಣ ಕೇಂದ್ರಕ್ಕೆ ಸದಾ ತಲುಪುತ್ತಿರಬೇಕು. ಈಗ ಗೋಪುರದ ತುದಿಯ ಭೂತಂತಿಯೊಳಗೆ ಕೂದಲಿನಂಥ ಗಾಜಿನ ಎಳೆಗಳನ್ನು ಸೇರಿಸಿ ಬೆಳಕಿನಲ್ಲಿ ಸುದ್ದಿ ಕಳುಹಿಸುತ್ತಾರೆ. ಉಪಾಯ ಮಾತ್ರ ಹಳೆಯದೇ: ಸರದಿ, ಶ್ರುತಿ, ಬೆಳಕಿನಲ್ಲಾದರೆ ಶ್ರುತಿಗೆ ಬಣ್ಣವೆನ್ನಬಹುದು.

ಇನ್ನು ನೀರಿಗೆ ಬರೋಣ. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆಯ ಉದ್ದ 227 ಕಿಲೋಮೀಟರ್. ನೀರು ಸೆಕೆಂಡಿಗೆ ಒಂದು ಮೀಟರಿನಂತೆ ತಡೆಯಿಲ್ಲದೆ ಹರಿದರೂ ತುದಿ ಮುಟ್ಟಲು 60 ಗಂಟೆಗೂ ಹೆಚ್ಚು ಬೇಕು. ಸುದ್ದಿಯಾದರೋ ಅಷ್ಟೇ ದೂರವನ್ನು ತಂತಿಯಲ್ಲಿ ಸೆಕೆಂಡಿನ ಸಾವಿರದ ಒಂದೆರಡು ಭಾಗದಲ್ಲಿ ದಾಟುತ್ತದೆ. ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಕೊನೆಭಾಗದ ರೈತರು ಪ್ರತಿವರ್ಷ ಕೇಳುವುದು ಒಂದೇ ಮಾತನ್ನು: 69ನೇ ಮೈಲಿನ ಗೇಜು ಎಷ್ಟಿದೆ, 104ನೇ ಮೈಲಿನದು ಎಷ್ಟಿದೆ? ಮೇಲ್ಭಾಗದಲ್ಲಿ ಭತ್ತಕ್ಕೆ ನೀರು ಏರಿಹೋದರೆ ಕೆಳಗಿನ ಗೇಜು ಇಳಿಯುತ್ತದೆ. ಇಳಿದದ್ದು ಮೇಲಿನವರಿಗೆ ಗೊತ್ತಾಗುವ ಹೊತ್ತಿಗೆ ಕೆಳಗೆ ಬೆಳೆ ಬಾಡಿರುತ್ತದೆ.

ವಾರಾಬಂದಿಯ ಕೊರತೆ ಇರುವುದು ಇಲ್ಲೇ ಎಂದು ನನಗೆ ತೋರುತ್ತದೆ. ಅದರಲ್ಲಿ ಅಪ್ಪಣೆ ಮೇಲಿನಿಂದ ಕೆಳಕ್ಕೆ ಬರುತ್ತದೆ. ಕೆಳಗಿನಿಂದ ಮೇಲಕ್ಕೆ ಮಾತು ಹೋಗಲು ಪಾಳಿಯಿಲ್ಲ. ಬೋದೋನ ತಂತಿಯಲ್ಲಿ ತುದಿಯವನಿಗೂ ಮೊದಲಿನವನಷ್ಟೇ ದೊಡ್ಡ ಪಾಳಿ. ದೂರದಿಂದಲೇ ಅಂಕಿ ಸಂಗ್ರಹಿಸಿ ತೂಬುಗಳನ್ನು ಆಳುವ ಸ್ಕಾಡಾ ಎಂಬ ಏರ್ಪಾಡು ಇದನ್ನೇ ಕಾಲುವೆಗೆ ತರುತ್ತದೆ. ಗೇಜಿನ ಬಳಿ ಒಂದು ಚಿಕ್ಕ ಪೆಟ್ಟಿಗೆ. ಕೇಂದ್ರ ಹೆಸರು ಹಿಡಿದು ಕರೆದಾಗ ಅದು ನೀರಿನ ಮಟ್ಟವನ್ನು ಒಪ್ಪಿಸುತ್ತದೆ. ತೂಬನ್ನು ತೆರೆಯಬೇಕಾದರೆ ಒಮ್ಮೆಗೇ ತೆರೆಯುವಂತಿಲ್ಲ. ‘ಏಳನೆಯ ತೂಬೇ, ಸಿದ್ಧವೋ?’ ಎಂದು ಮೊದಲು ಕೇಳಬೇಕು. ‘ನಾನು ಏಳನೆಯದೇ, ಸಿದ್ಧ’ ಎಂದು ಉತ್ತರ ಬರಬೇಕು. ಆಮೇಲೆ ‘ತೆರೆ’ ಎಂಬ ಅಪ್ಪಣೆ. ವಿಳಾಸ ತಪ್ಪಿದ ಅಂಕಿಯಿಂದ ಲೆಕ್ಕ ಕೆಡುತ್ತದೆ, ವಿಳಾಸ ತಪ್ಪಿದ ಅಪ್ಪಣೆಯಿಂದ ಹೊಲವೇ ಕೊಚ್ಚಿಹೋದೀತು.

ದೇವದುರ್ಗದಿಂದ ಕೃಷ್ಣೆಯಾಚೆಗೆ ಇದು ಕಣ್ಣೆದುರಿಗೇ ನಡೆದಿದೆ. ನಾರಾಯಣಪುರ ಎಡದಂಡೆ ಕಾಲುವೆಯನ್ನು ನವೀಕರಿಸಿ, ಕಾಲುವೆಯ ತೂಬುಗಳನ್ನು ದೂರದಿಂದ ನಡೆಸುವ ಏರ್ಪಾಡನ್ನು ಅದಕ್ಕೆ ಜೋಡಿಸಿದ ಯೋಜನೆ 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಉದ್ಘಾಟನೆಯಾಯಿತು. ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ಸುದ್ದಿ ಸಾಗುವುದು ತಂತಿಯಲ್ಲೇ ಆಗಬೇಕೆಂದಿಲ್ಲ. ಹೊಲಗಳ ನಡುವೆ ರೇಡಿಯೋ ತರಂಗವೇ ಅನುಕೂಲ, ಪೆಟ್ಟಿಗೆಗೆ ಸೂರ್ಯಫಲಕದ ವಿದ್ಯುತ್ತು ಸಾಕು.

ಯಂತ್ರ ಬಂದೊಡನೆ ಎಲ್ಲ ಸರಿಹೋಯಿತೆಂದು ಹೇಳಲಾರೆ. ಅಂಕಿ ಮೇಲಕ್ಕೆ ಹೋದ ಮೇಲೆ ಅದನ್ನು ನೋಡಿ ಮೇಲಿನ ತೂಬನ್ನು ಇಳಿಸುವ ಮನಸ್ಸು ಮನುಷ್ಯನದು. ಕಾಲುವೆಯ ದಂಡೆಯ ಮೇಲೆ ನಡೆದು ಸೋರಿಕೆಯನ್ನೂ ಕದ್ದು ಕೊರೆದ ಕೊಳವೆಯನ್ನೂ ಕಾಣುವ ಗ್ಯಾಂಗ್‌ಮನ್ ಕೆಲಸವನ್ನು ಯಾವ ಪೆಟ್ಟಿಗೆಯೂ ಮಾಡದು. ಅಲ್ಲದೆ, ಅಳೆಯಲು ಯಾರೂ ಉಪಕರಣ ಇಡದ ವಸ್ತುವಿಗೆ ಮಲ್ಟಿಪ್ಲೆಕ್ಸಿನಲ್ಲಿ ಪಾಳಿಯೇ ಇರುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನಲ್ಲಿ ಹಾಗಾಯಿತು. 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದಿಂದ ನೀರು ನದಿಗೆ ಧುಮುಕಿತು. ರಾಯಚೂರು ಸೀಮೆಯಲ್ಲಿ ಆಗ ತಾನೇ ನಾಟಿಯಾಗಿದ್ದ ಭತ್ತದ ಗತಿಯೇನೆಂದು ಜನ ಕಂಗಾಲಾದರು. ಕೆಲವು ದಿನಗಳಲ್ಲಿ ಇಂಜಿನಿಯರುಗಳೂ ಬೆಸುಗೆಯವರೂ ಕ್ರೇನಿನವರೂ ಸೇರಿ, ಹರಿಯುವ ನೀರಿನಲ್ಲಿಯೇ ಕಬ್ಬಿಣದ ಸ್ಟಾಪ್‌ಲಾಗುಗಳನ್ನು ಒಂದರ ಮೇಲೊಂದು ಇಳಿಸಿ ಆ ಕಂಡಿಯನ್ನು ಮುಚ್ಚಿದರು.