ನಾಂಪಲ್ಲಿಯ ಭಟ್ಟಿ, ನಮ್ಮನೆ ಓಟಿಜಿ: ಬಿಸ್ಕೀಟು ಯಾಕೆ ಹಾಗೆ ಬರಲ್ಲ?

ವಿಡಿಯೊದಲ್ಲಿ ಮಾತಾಡಿದ್ದನ್ನ, ಆಫೀಸಲ್ಲಿ ಕೂತು ಕೇಳೋಕಾಗದವರಿಗೆ ಅಂತ ಇಲ್ಲಿ ಬರೆದು ಹಾಕ್ತಿದ್ದೀನಿ. ಪ್ರಶ್ನೆ ಚಿಕ್ಕದು. ಕೊಂಡಾಪುರ, ಗಚ್ಚಿಬೌಲಿ ಕಡೆ ಇರೋ ನಮ್ಮವರಲ್ಲಿ ಬಹಳ ಜನ ಓಟಿಜಿ ತಗೊಂಡಿದ್ದಾರೆ. ಉಸ್ಮಾನಿಯಾ ಬಿಸ್ಕೀಟನ್ನ ಗ್ರಾಂ ಲೆಕ್ಕದಲ್ಲಿ ಅಳೆದು ಮಾಡ್ತಾರೆ. ಆದ್ರೂ ನಾಂಪಲ್ಲಿಯಿಂದ ತಂದ ಡಬ್ಬದ ಹಾಗೆ ಬರಲ್ಲ. ಅಂಚು ಕಪ್ಪು, ನಡುವೆ ಹಸಿ. ಇನ್ನೂ ದುಬಾರಿ ಓವನ್ ಕೊಳ್ಳಬೇಕಾ ಅಂತ ಕೇಳ್ತಾರೆ. ಬೇಡ. ಯಾಕೆ ಅಂತ ಹೇಳ್ತೀನಿ.

ಮೊದಲು ಪದದ ವಿಷಯ. ಓವನ್‌ಗೆ ನಮ್ಮ ಅಡುಗೆಮನೆಯಲ್ಲಿ ಬೇರೆ ಪದ ಇಲ್ಲ. ಒಲೆ ಅಂದ್ರೆ ಬೆಂಕಿ ಕೆಳಗೆ, ಪಾತ್ರೆ ಮೇಲೆ. ವಸ್ತುವನ್ನೇ ಬಿಸಿಯೊಳಗೆ ಕೂರಿಸಿ ಮುಚ್ಚೋದು ಕುಂಬಾರರ ಆವಿಗೆ. ಬೇಕರಿಯದ್ದು ಭಟ್ಟಿ. ನಾನು ಬೀದರಿನವನು, 1956ರವರೆಗೆ ನಮ್ಮೂರು ಇದೇ ಹೈದರಾಬಾದ್ ರಾಜ್ಯದಲ್ಲಿತ್ತು. ಹಬ್ಬ ಬಂತು ಅಂದ್ರೆ ಮೈದಾ, ಸಕ್ಕರೆ, ಡಾಲ್ಡಾ ಹೊತ್ಕೊಂಡು ಬೇಕರಿಗೆ ಹೋಗಿ ಬಿಸ್ಕೀಟು ಮಾಡಿಸ್ಕೊಂಡು ಬರೋದು ನಮ್ಮನೇಲಿ ಮಾಮೂಲು. ಭಟ್ಟಿ ಯಾರ ಮನೇಲಿರುತ್ತೆ ಹೇಳಿ?

ರಂಜಾನ್‌ನಲ್ಲಿ ಹಲೀಮ್ ಬೇಯೋ ಜಾಗವನ್ನೂ ಇಲ್ಲಿ ಭಟ್ಟಿ ಅಂತಲೇ ಕರೀತಾರೆ. ಇಟ್ಟಿಗೆ-ಮಣ್ಣಿನ ಕಟ್ಟೆ, ಅದರಲ್ಲಿ ಕೂರಿಸಿದ ದೇಗ್, ಕೆಳಗೆ ಸೌದೆ. ನಮ್ಮ ಲೆಕ್ಕದಲ್ಲಿ ಅದು ಒಲೆಯೇ. 2010ರಲ್ಲಿ ಜಿಐ ಮಾನ್ಯತೆ ಸಿಕ್ಕಿದ್ದು ಆ ಹಲೀಮ್‌ಗೆ. ಇವತ್ತಿನ ಮಾತು ಅದಲ್ಲ, ಬೇಕರಿ ಭಟ್ಟಿಯದ್ದು.

ಹಳೆಯ ಬೇಕರಿ ಭಟ್ಟಿ ಅಂದ್ರೆ ಇಟ್ಟಿಗೆಯ ಗುಹೆ. ದಪ್ಪ ನೆಲ, ತಗ್ಗಾದ ಕಮಾನು, ಮುಂದೆ ಒಂದು ಬಾಯಿ. ಒಳಗೇ ಸೌದೆ ಉರಿಸ್ತಾರೆ, ಗಂಟೆಗಟ್ಟಲೆ. ಆಮೇಲೆ ಕೆಂಡ ಎಳೆದು, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಉದ್ದ ಹಿಡಿಯ ಸಲಿಕೆಯಲ್ಲಿ ಟ್ರೇ ತಳ್ತಾರೆ. ಗಮನಿಸಿ, ಬೇಯುವ ಹೊತ್ತಿಗೆ ಬೆಂಕಿಯೇ ಇಲ್ಲ! ಬೇಯಿಸೋದು ಇಟ್ಟಿಗೆ ಕುಡಿದಿಟ್ಟುಕೊಂಡ ಬಿಸಿ. ನೆಲದಿಂದ ಟ್ರೇಗೆ ನೇರ, ಕಮಾನಿನಿಂದ ಕಿರಣವಾಗಿ, ನಡುವಿನ ಗಾಳಿಯಿಂದ ಮೆಲ್ಲಗೆ. ಹಿಟ್ಟಿನ ಆವಿಯೂ ಅಲ್ಲೇ ಉಳಿಯುತ್ತೆ. ಆ ರುಚಿ ಸೌದೆ ಹೊಗೆಯದ್ದು ಅಂತ ಬಹಳ ಜನ ಹೇಳ್ತಾರೆ, ನಾನು ಒಪ್ಪಲ್ಲ. ರುಚಿ ಇಟ್ಟಿಗೆಯದ್ದು.

ಇಂಥ ಭಟ್ಟಿ ನಿಧಾನಕ್ಕೆ ಆರುತ್ತೆ, ಕೆಲಸವೂ ಅದೇ ಸಾಲಿನಲ್ಲಿ. 250 ಡಿಗ್ರಿ ದಾಟಿದ್ದಾಗ ರೊಟ್ಟಿ ಜಾತಿಯವು, 180ರ ಆಸುಪಾಸು ಬಿಸ್ಕೀಟು, ಕೊನೆಗೆ ಉಳಿದ ಬಿಸಿಯಲ್ಲಿ ರಸ್ಕ್ ಒಣಗಿಸೋದು. ಒಂದೇ ಸೌದೆ, ಮೂರು ಅಡುಗೆ. ಮೊಹರಂನಲ್ಲಿ ಮಾಡೋ ದಮ್ ಕೆ ರೋಟ್ ಈ ಭಟ್ಟಿಗೆ ಹೇಳಿ ಮಾಡಿಸಿದ್ದು. ರವೆ, ತುಪ್ಪ, ಸಕ್ಕರೆ, ಒಣಹಣ್ಣು ಸೇರಿಸಿದ ದಪ್ಪ ಬಿಲ್ಲೆ. ಜೋರು ಉರಿ ಕೊಟ್ಟರೆ ಮೇಲೆ ಸೀದು ಒಳಗೆ ರವೆ ಕರಕರ ಅನ್ನುತ್ತೆ.

ಬಿಸಿಯ ಈ ಲೆಕ್ಕ ತಿಂಡಿಗೆ ಮಾತ್ರ ಅಲ್ಲ. ನಮ್ಮೂರಿನ ಬಿದ್ರಿ ಕೆಲಸ ನೋಡಿ. ಸತು ಸುಮಾರು 420 ಡಿಗ್ರಿಗೆ ಕರಗುತ್ತೆ. ಅದಕ್ಕೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯೋಕೆ ಕುಲುಮೆಯ ಜೋರು ಬೇಕು. ಬೆಳ್ಳಿ ಕೂರಿಸಿದ ಮೇಲೆ ಮಾತ್ರ ಬರೀ ಬೆಚ್ಚಗೆ ಮಾಡಿ, ಕೋಟೆಯ ಮಣ್ಣು, ನವಸಾಗರ ಹಚ್ಚುತ್ತಾರೆ. ಸತು ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ.

ಈಗ ಓಟಿಜಿ. ತೆಳು ತಗಡಿನ ಡಬ್ಬ. ಥರ್ಮೋಸ್ಟಾಟ್ ಕಾಯಿಲನ್ನ ಆನ್ ಮಾಡುತ್ತೆ, ಆಫ್ ಮಾಡುತ್ತೆ. ಆನ್ ಆದಾಗ ಕೆಂಪಗಾದ ಕಾಯಿಲ್ ಹತ್ತಿರದ ಅಂಚನ್ನ ಸುಡುತ್ತೆ. ಬಾಗಿಲು ತೆಗೆದರೆ ಬಿಸಿಯೆಲ್ಲ ಆಚೆ. ದೀಪ ಬೆಳಗಿ 180 ತೋರಿಸೋದು ಗಾಳಿಯ ಬಿಸಿ, ಕೂಡಿಟ್ಟ ಬಿಸಿ ಅಲ್ಲ. ಕೂಡಿಡೋಕೆ ಅಲ್ಲಿ ಏನೂ ಇಲ್ಲ. ಅದನ್ನ ನಾವೇ ಇಡಬೇಕು. ದೋಸೆ ಹಾಕೋ ಬೀಡಿನ ಕಾವಲಿ ಇದೆಯಲ್ಲ, ಮರದ ಹಿಡಿ ಇಲ್ಲದ್ದು, ಅದನ್ನ ಕೆಳಗಿನ ಅಂತಸ್ತಿಗೆ ಹಾಕಿ. ಹತ್ತು ನಿಮಿಷ ಅಲ್ಲ, ಅರ್ಧ ಗಂಟೆ ಕಾಯಿಸಿ. ಬಿಸ್ಕೀಟಿನ ಟ್ರೇ ನಡು ಅಂತಸ್ತಿಗೆ, 160 ಡಿಗ್ರಿ. ಬಣ್ಣ ಬಂದ ಕೂಡಲೇ ಆಫ್ ಮಾಡಿ, ಬಾಗಿಲು ಒಂದು ಬೆರಳಷ್ಟು ತೆರೆದು ಹತ್ತು ನಿಮಿಷ ಅಲ್ಲೇ ಬಿಡಿ. ನಡುವಿನ ಹಸಿ ಹೋಗೋದು ಆ ಹತ್ತು ನಿಮಿಷದಲ್ಲಿ. ಅಂದ ಹಾಗೆ 1500 ವ್ಯಾಟ್ ಮೇಲಿನ ಓಟಿಜಿಯನ್ನ ಬಾಡಿಗೆ ಮನೆಯ ಚಿಕ್ಕ 6 ಆಂಪಿಯರ್ ಸಾಕೆಟ್‌ಗೆ ಹಾಕ್ಬೇಡಿ. ಬರೀ ಮೈಕ್ರೋವೇವ್ ಇರೋರು ಈ ಆಸೆ ಬಿಡಿ. ಅದು ನೀರಿನಂಶವನ್ನ ಬಿಸಿ ಮಾಡುತ್ತೆ, ಕಂದು ಬಣ್ಣ ತರಲ್ಲ.

ರೋಟ್ ಮಾತ್ರ ಮನೇಲಿ ಬೇಡ ಅಂತೀನಿ, ಅಷ್ಟು ತುಪ್ಪ ಹಾಕಿ ಪ್ರಯೋಗ ಯಾಕೆ? ಮೊಹರಂ ಸಮಯದಲ್ಲಿ ಹೈಟೆಕ್ ಸಿಟಿಯಿಂದ ಮೆಟ್ರೋ ಹತ್ತಿ, ಅಮೀರ್‌ಪೇಟ್‌ನಲ್ಲಿ ಬದಲಿಸಿ ನಾಂಪಲ್ಲಿಯಲ್ಲಿ ಇಳಿಯಿರಿ. ರೋಟ್‌ಗೆ ಹೆಸರಾದ ಸುಭಾನ್ ಬೇಕರಿ ಅದೇ ಕಡೆ. ಸಾಲು ಇರುತ್ತೆ, ಚೀಲ ಒಯ್ಯಿರಿ.