ಗುಂಡಿ ತೋಡಿ ಹಿಮ ಓದುವವರು

ಕೂಡ್ಲಿಗಿ, ಕೊಟ್ಟೂರು ಕಡೆ ಹೊಸ ಬಾವಿ ತೋಡಿದರೆ ಅದರ ಗೋಡೆಯಲ್ಲೇ ನೆಲದ ಕಥೆ ಕಾಣುತ್ತದೆ: ಮೇಲೆ ಕೆಂಪು ಮಣ್ಣು, ಕೆಳಗೆ ಗರಸು, ಅದರಡಿ ಬಂಡೆ. ಹಿಮಾಲಯದ ಇಳಿಜಾರಿನಲ್ಲಿ ಬಿದ್ದ ಹಿಮವೂ ಹೀಗೆಯೇ ಪದರ ಪದರವಾಗಿ ಕೂಡುತ್ತದೆ. ಆದರೆ ಮಣ್ಣಿನಂತೆ ಅದು ಸುಮ್ಮನಿರುವುದಿಲ್ಲ, ವಾರದೊಳಗೆ ಗುಣ ಬದಲಿಸಿಬಿಡುತ್ತದೆ.

ಹಿಮವನ್ನೇ ಕಾಣದ ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯವರಿಗೆ ಇದರ ಗೊಡವೆ ಏಕೆ? 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಯೋಧರು ಹಿಮದಡಿ ಹೂತುಹೋದರು. ಅವರಲ್ಲಿ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಬಳಿಕ ಜೀವಂತ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕ ಪರ್ವತಾರೋಹಣ ತರಬೇತಿಯ ತಂಡದಲ್ಲೂ ಕರ್ನಾಟಕದವರಿದ್ದರು.

ಎಷ್ಟು ಹಿಮ ಬಿದ್ದಿದೆ ಎಂಬುದಷ್ಟೇ ಅಪಾಯದ ಅಳತೆಯಲ್ಲ. ಹಿಮದ ಬುಡ ನೆಲದ ಕಾವಿನಿಂದ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮೇಲ್ಭಾಗ ಕೊರೆಯುತ್ತಿರುತ್ತದೆ. ಹತ್ತು ಸೆಂಟಿಮೀಟರ್ ಅಂತರದಲ್ಲಿ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಾದರೆ ಒಳಗಿನ ಆವಿ ಮೇಲೇರಿ, ಹಿಮದ ಕಣಗಳು ಒಂದಕ್ಕೊಂದು ಅಂಟದ, ಮೂಲೆಗಳುಳ್ಳ ಹರಳುಗಳಾಗುತ್ತವೆ. ಆ ಸಡಿಲ ಪದರದ ಮೇಲೆ ಗಟ್ಟಿ ಹಿಮ ಕೂತಿದ್ದು, ಇಳಿಜಾರು 30ರಿಂದ 45 ಡಿಗ್ರಿಯಷ್ಟಿದ್ದರೆ, ಒಬ್ಬ ಮನುಷ್ಯನ ಭಾರವೇ ಇಡೀ ಹಾಸನ್ನು ಜಾರಿಸಬಲ್ಲದು.

ಇದನ್ನು ತಿಳಿಯಲು ಗುಂಡಿ ತೋಡಬೇಕು. ಗೋಡೆಯ ಒಂದೊಂದು ಪದರಕ್ಕೂ ಮೊದಲು ಮುಷ್ಟಿ, ಆಮೇಲೆ ನಾಲ್ಕು ಬೆರಳು, ಒಂದು ಬೆರಳು, ಪೆನ್ಸಿಲ್, ಕೊನೆಗೆ ಚಾಕು ಒತ್ತಿ ನೋಡುತ್ತಾರೆ. ಯಾವುದು ಒಳಹೊಕ್ಕಿತೋ ಅದೇ ಗಡಸುತನದ ಅಳತೆ. ಭೂತಗನ್ನಡಿಯಲ್ಲಿ ಹರಳಿನ ಆಕಾರ, ಥರ್ಮಾಮೀಟರಿನಲ್ಲಿ ಉಷ್ಣಾಂಶ ಗುರುತಿಸುತ್ತಾರೆ. ಬಳಿಕ 30 ಸೆಂಟಿಮೀಟರ್ ಚೌಕದ ಹಿಮದ ಕಂಬವೊಂದನ್ನು ಕಡಿದು, ಅದರ ಮೇಲೆ ಸಲಿಕೆಯಿಟ್ಟು ಮಣಿಕಟ್ಟು, ಮೊಣಕೈ, ಭುಜಗಳಿಂದ ಹತ್ತತ್ತು ಸಲ ತಟ್ಟುತ್ತಾರೆ. ಎಷ್ಟನೆಯ ಏಟಿಗೆ ಯಾವ ಪದರ ಮುರಿಯಿತು ಎಂಬುದೇ ಮುಖ್ಯ.

ಹಿಂದೆ ಇದೆಲ್ಲ ಒದ್ದೆ ನೋಟ್‌ಬುಕ್ಕಿನಲ್ಲಿ ಉಳಿಯುತ್ತಿತ್ತು. ಈಗ ಅಮೆರಿಕದ ಸ್ನೋಪೈಲಟ್, ಸ್ವಿಟ್ಜರ್ಲೆಂಡಿನ ನಿವಿಜ್‌ನಂಥ ತಂತ್ರಾಂಶಗಳಿಗೆ ಈ ಅಂಕಿ ತುಂಬಿದರೆ ನಕ್ಷೆ ಮೂಡುತ್ತದೆ. ಲಂಬ ರೇಖೆ ಹಿಮದ ಎತ್ತರ, ಅಡ್ಡಪಟ್ಟಿಯ ಉದ್ದ ಗಡಸುತನ, ನಡುವೆ ಹಾಯುವ ಗೆರೆ ಉಷ್ಣಾಂಶ. ಎರಡು ಉದ್ದ ಪಟ್ಟಿಗಳ ನಡುವೆ ಮೋಟು ಪಟ್ಟಿಯೊಂದು ಕಂಡರೆ ಅನುಭವಿಗಳ ಕಣ್ಣು ಅಲ್ಲೇ ನಿಲ್ಲುತ್ತದೆ. ಹರಳುಗಳಿಗೆ 2009ರ ಅಂತಾರಾಷ್ಟ್ರೀಯ ವರ್ಗೀಕರಣದ ಚಿಹ್ನೆಗಳಿರುವುದರಿಂದ ಒಂದು ದೇಶದವರು ತೋಡಿದ ಗುಂಡಿಯನ್ನು ಇನ್ನೊಂದು ದೇಶದವರು ಓದಬಹುದು.

ಭಾರತದಲ್ಲಿ ಈ ಅಧ್ಯಯನಕ್ಕೆ 1969ರಲ್ಲೇ ಪ್ರತ್ಯೇಕ ಸಂಸ್ಥೆ ಹುಟ್ಟಿತು. 2020ರಲ್ಲಿ ಅದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಡಿಜಿಆರ್‌ಇ ಎಂಬ ಪ್ರಯೋಗಾಲಯದಲ್ಲಿ ವಿಲೀನವಾಯಿತು. ಹಿಮಕುಸಿತದ ಮುನ್ನೆಚ್ಚರಿಕೆ ಪ್ರಕಟಿಸುವುದು ಡಿಜಿಆರ್‌ಇಯೇ.

ತಂತ್ರಾಂಶಕ್ಕೆ ಮಿತಿಯೂ ಉಂಟು. ಸಿಯಾಚಿನ್‌ನಲ್ಲಿ ಕುಸಿದದ್ದು ಮಂಜುಗಡ್ಡೆಯ ಗೋಡೆ. ಹಿಮದ ಗುಂಡಿಯ ನಕ್ಷೆ ಅದನ್ನು ಮೊದಲೇ ಹೇಳುವುದು ಕಷ್ಟ. ಒಂದು ಗುಂಡಿ ಇಡೀ ಬೆಟ್ಟದ ಮಾತು ಹೇಳುವುದೂ ಇಲ್ಲ.

ನಮ್ಮೂರ ಹುಡುಗರು ಹಿಮಾಲಯದ ಚಾರಣಕ್ಕೆ ಹೊರಟರೆ ಬೂಟು, ಜಾಕೆಟ್ಟಿನ ಜೊತೆ ಆ ದಿನದ ಮುನ್ನೆಚ್ಚರಿಕೆಯನ್ನೂ ನೋಡಿಕೊಳ್ಳಲಿ. ಹಿಮದ ಸ್ಥಿತಿ ಪರೀಕ್ಷಿಸಿದ್ದೀರಾ ಎಂದು ತಂಡದ ನಾಯಕರನ್ನು ಸಂಕೋಚವಿಲ್ಲದೆ ಕೇಳಲಿ.