ನಾರಳೀಕರರನ್ನು ಎಲ್ಲಿಂದ ಓದತೊಡಗಬೇಕು?

ಲಾಸಲಗಾಂವದಲ್ಲಿ ಚಹದ ಅಂಗಡಿ ನಡೆಸುತ್ತಿರುವ ನಮ್ಮ ಚಂದಾದಾರರೊಬ್ಬರು ಕಳೆದ ತಿಂಗಳು ಕಛೇರಿಗೆ ಬಂದಿದ್ದರು. ಅವರ ಮಗಳು ಹನ್ನೊಂದನೆಯ ತರಗತಿಯ ಆಂಗ್ಲ ಪಠ್ಯದಲ್ಲಿ ಜಯಂತ ನಾರಳೀಕರರ ಕಥೆಯೊಂದನ್ನು ಓದಿ, ಅವರ ಮರಾಠಿ ಪುಸ್ತಕಗಳು ಬೇಕೆಂದು ಹಟ ಹಿಡಿದಿರುವಳಂತೆ. ನಾಶಿಕದ ಅಂಗಡಿಗೆ ಹೋದರೆ ಒಂದು ಹಲಗೆಯ ತುಂಬ ಅವರವೇ ಪುಸ್ತಕಗಳು! “ಅಣ್ಣ, ಒಂದೇ ಪುಸ್ತಕಕ್ಕೆ ದುಡ್ಡು ಉಂಟು. ಯಾವುದನ್ನು ತರಲಿ? ತಪ್ಪಿದ್ದು ತಂದರೆ ಹುಡುಗಿ ಓದುವುದನ್ನೇ ಬಿಟ್ಟಾಳು” ಎಂದರು. ಬಳಿಕ ದನಿ ತಗ್ಗಿಸಿ, “ಮರಾಠಿ ಪುಸ್ತಕ ಮನೆಯೊಳಗೆ ಬಂದರೆ ಕನ್ನಡ ಹೊರಗೆ ಹೋಗುವುದಿಲ್ಲವಷ್ಟೆ?” ಎಂದೂ ಕೇಳಿದರು.

ಈ ಎರಡು ಪ್ರಶ್ನೆಗಳೂ ಅವರೊಬ್ಬರವೇ ಅಲ್ಲವಾದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾರಳೀಕರರು 1938ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದವರು. ಕಾಶಿಯಲ್ಲಿಯೂ ಕೇಂಬ್ರಿಜ್ಜಿನಲ್ಲಿಯೂ ಕಲಿತು, ಖಗೋಳ ಶಾಸ್ತ್ರದಲ್ಲಿ ಜಗದ್ವಿಖ್ಯಾತರಾಗಿ, ಪುಣೆಯ ‘ಆಯುಕಾ’ ಸಂಸ್ಥೆಯನ್ನು ಕಟ್ಟಿ ಬೆಳೆಸಿದರು. 2025ರ ಮೇ 20ರಂದು ಪುಣೆಯಲ್ಲಿಯೇ ತೀರಿಕೊಂಡರು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಅವರು ಮೊದಲ ಕಥೆಯನ್ನು ಕಳುಹಿಸಿದಾಗ, ತಮ್ಮ ಹೆಸರಿನ ಪ್ರಭಾವ ಬೀಳಬಾರದೆಂದು ತಮ್ಮ ಆದ್ಯಕ್ಷರಗಳನ್ನು ತಿರುಗುಮುರುಗು ಮಾಡಿ ‘ನಾರಾಯಣ ವಿನಾಯಕ ಜಗತಾಪ’ ಎಂಬ ಹೆಸರಿಟ್ಟುಕೊಂಡರು. ಕೈಬರಹದ ಗುರುತು ಹತ್ತಬಾರದೆಂದು ಪತ್ನಿಯವರಿಂದ ಪ್ರತಿ ಬರೆಯಿಸಿದರು. ಬಹುಮಾನ ಬಂದಿತು. ಕಥೆಯ ಹೆಸರು ‘ಕೃಷ್ಣವಿವರ’.

ಇಲ್ಲಿ ನನ್ನ ಅಜ್ಞಾನವನ್ನೂ ಹೇಳಿಬಿಡುತ್ತೇನೆ. ನಾನು ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಬಂದವನು. ನಿಫಾಡದಲ್ಲಿ ಹೋಟೆಲು ಇಟ್ಟ ಹೊಸತರಲ್ಲಿ ಈ ಹೆಸರನ್ನು ಕಂಡು, ಶ್ರೀಕೃಷ್ಣ ಪರಮಾತ್ಮನ ವಿವರಗಳಿರುವ ಭಕ್ತಿಗ್ರಂಥವೆಂದೇ ತಿಳಿದಿದ್ದೆನು! ವಿವರವೆಂದರೆ ಬಿಲವೆಂದೂ, ಬೆಳಕನ್ನೂ ಹೊರಬಿಡದ ಕಪ್ಪು ರಂಧ್ರದ ಕಥೆ ಅದೆಂದೂ ಹೇಳಿದವರು ದಿನವೂ ಮಿಸಳ ತಿನ್ನಲು ಬರುತ್ತಿದ್ದ ಒಬ್ಬ ಗುರುಜಿಯವರು. ಅವರು ಮರುದಿನವೇ ‘ಪ್ರೇಷಿತ’ ಕಾದಂಬರಿಯನ್ನು ತಂದು ಗಲ್ಲೆಯ ಮೇಲಿಟ್ಟರು. ನಾಲ್ಕಾರು ಹಾಳೆಗಳಲ್ಲಿಯೇ ನನ್ನ ಮರಾಠಿ ಸೋತಿತು. ಉದ್ರಿಯ ಲೆಕ್ಕಕ್ಕೂ ತರಕಾರಿಯ ಚೌಕಾಶಿಗೂ ಸಾಲುತ್ತಿದ್ದ ಭಾಷೆ ನಕ್ಷತ್ರಲೋಕಕ್ಕೆ ಸಾಲದಾಯಿತು. ತಿಂಗಳ ಬಳಿಕ “ಬಹಳ ಚೆನ್ನಾಗಿದೆ ಗುರುಜಿ” ಎಂದು ಸುಳ್ಳು ಹೇಳಿ ಹಿಂದಿರುಗಿಸಿದೆನು. ಅವರು ಸಂತೋಷದಿಂದ ಕುರ್ಚಿ ಎಳೆದುಕೊಂಡು ಚರ್ಚೆಗೆ ಕುಳಿತಾಗ, ಒಲೆಯ ಮೇಲೆ ಸಾಂಬಾರು ಉಕ್ಕುತ್ತಿದೆಯೆಂದು ನೆವ ಹೇಳಿ ಒಳಗೆ ಓಡಿದವನು ಅವರು ಎದ್ದು ಹೋಗುವ ತನಕ ಹೊರಬರಲಿಲ್ಲ. ಅಂದಿನಿಂದ ಹತ್ತು ವರ್ಷ ಮರಾಠಿ ಪುಸ್ತಕವನ್ನು ಮುಟ್ಟಲಿಲ್ಲ. ಕಾದಂಬರಿಯ ದೋಷವಲ್ಲ, ತೊಡಗಿದ ಸ್ಥಳದ ದೋಷ.

ಆದುದರಿಂದ ನನ್ನ ಅಭಿಪ್ರಾಯವೇನೆಂದರೆ, ನಾರಳೀಕರರ ಕಾದಂಬರಿಗಳಿಗೆ ಮೊದಲು ಕೈ ಹಾಕಬಾರದು. ಸಣ್ಣ ಕಥೆಗಳಿಂದ ತೊಡಗಬೇಕು. ಅವುಗಳಲ್ಲಿಯೂ ಈ ಸೀಮೆಯಲ್ಲಿರುವವರು ‘ಹಿಮಪ್ರಳಯ’ವನ್ನೇ ಮೊದಲು ಓದಬೇಕು, ಅದೂ ಚಳಿಗಾಲದಲ್ಲಿ. ಮುಂಬಯಿಯಲ್ಲಿ ಒಂದು ಬೆಳಗ್ಗೆ ಹಿಮ ಬಿದ್ದಿರುವುದು. ಪತ್ರಕರ್ತನೊಬ್ಬನ ಮಕ್ಕಳು ಕುಣಿದಾಡುವರು. ತಂದೆಗೆ ಮಾತ್ರ, ವರ್ಷಗಳ ಹಿಂದೆ ವಿಜ್ಞಾನಿ ವಸಂತ ಚಿಟಣೀಸನೊಡನೆ ಕಟ್ಟಿದ ಪಂಥ ನೆನಪಾಗುವುದು. ಜ್ವಾಲಾಮುಖಿಗಳ ಧೂಳು ಬಿಸಿಲನ್ನು ತಡೆದರೆ, ಸಮುದ್ರದ ಶಾಖ ಕುಗ್ಗಿದರೆ, ಭೂಮಿ ಹೇಗೆ ಹಿಮಯುಗಕ್ಕೆ ಜಾರುವುದೆಂಬುದನ್ನು ಪಾಠದಂತಲ್ಲದೆ ಕಥೆಯಾಗಿಯೇ ಹೇಳಿರುವರು. ಪಾರಾಗುವ ಉಪಾಯವನ್ನು ನಾನು ಹೇಳಿದರೆ ರುಚಿ ಕೆಡುವುದು.

ನಿಫಾಡದವರಿಗೆ ಇದು ಕಟ್ಟುಕಥೆಯೆನಿಸದು. 2018ರ ಡಿಸೆಂಬರ್ ಕೊನೆಯಲ್ಲಿ ಇಲ್ಲಿಯ ಉಷ್ಣಮಾನ ಎರಡು ಡಿಗ್ರಿಗಿಂತ ಕೆಳಗಿಳಿದುದನ್ನು ನಾವೇ ಕಂಡಿದ್ದೇವೆ. ದ್ರಾಕ್ಷಿಯ ಸಾಲುಗಳ ನಡುವೆ ರೈತರು ರಾತ್ರಿಯಿಡೀ ಬೆಂಕಿ ಹಾಕಿ, ಹೊಗೆಯಲ್ಲಿ ಕಣ್ಣೊರಸಿಕೊಳ್ಳುತ್ತ ಕಾಯುತ್ತಿದ್ದರು. ಅಂತಹುದೇ ಚಳಿಯಲ್ಲಿ, ಬೆಳಗಿನ ಐದು ಗಂಟೆಗೆ ಹಾಲಿನವನನ್ನು ಕಾಯುತ್ತ ಒಲೆಯ ಮುಂದೆ ಕುಳಿತು ನಾನು ಆ ಕಥೆಯನ್ನು ಓದಿದೆನು. ಹಾಲಿನವನು ಬಂದು ಎರಡು ಸಲ ಕೂಗಿದ್ದು ಕೇಳಿಸಲಿಲ್ಲ. ಮರಾಠಿ ಬಾರದವರು ನ್ಯಾಷನಲ್ ಬುಕ್ ಟ್ರಸ್ಟಿನವರು 1993ರಲ್ಲಿ ಹೊರತಂದ, ಬಾಳ ಫೋಂಡಕೆಯವರು ಸಂಪಾದಿಸಿದ ‘ಇಟ್ ಹ್ಯಾಪನ್ಡ್ ಟುಮಾರೊ’ ಎಂಬ ಆಂಗ್ಲ ಸಂಕಲನದಲ್ಲಿ ಇದನ್ನು ಓದಬಹುದು.

ಎರಡನೆಯದು ‘ಗಂಗಾಧರಪಂತಾಂಚೆ ಪಾನಿಪತ’. ಹುಡುಗಿಯ ಪಠ್ಯದಲ್ಲಿದ್ದ ಪಾಠವೂ ಇದರದೇ ಆಂಗ್ಲ ರೂಪ. 1761ರಲ್ಲಿ ವಿಶ್ವಾಸರಾಯನಿಗೆ ತಗಲಿದ ಗುಂಡು ಕಿವಿಯ ಪಕ್ಕದಿಂದ ಹಾದುಹೋಗಿದ್ದರೆ ಏನಾಗುತ್ತಿತ್ತು? ಯೇವಲೆಯ ಹಾದಿಯಲ್ಲಿರುವ ವಿಂಚೂರನ್ನು ಬಲ್ಲವರಿಗೆ ಈ ಪ್ರಶ್ನೆ ದೂರದ್ದಲ್ಲ; ಆ ರಣರಂಗದಿಂದ ಬದುಕಿ ಬಂದ ವಿಠ್ಠಲ ಶಿವದೇವ ವಿಂಚೂರಕರನ ಜಹಗೀರು ಅದು.

ಇವೆರಡನ್ನು ದಾಟಿದವರು ‘ವಾಮನ ಪರತ ನ ಆಲಾ’ ಕಾದಂಬರಿಗೆ ಹೋಗಬಹುದು. ನೆಲವನ್ನು ಅಗೆಯುವಾಗ ದೊರೆತ ಪ್ರಾಚೀನ ಜ್ಞಾನದಿಂದ ಯಂತ್ರಮಾನವನೊಬ್ಬನನ್ನು ನಿರ್ಮಿಸುವುದು, ಆಮೇಲೆ ಆ ವಾಮನನ ಹೆಜ್ಜೆ ಬೆಳೆಯುವುದು. ಯಂತ್ರಗಳ ಬುದ್ಧಿಯ ಮಾತೇ ಎಲ್ಲೆಡೆ ನಡೆದಿರುವ ಈಗ ಓದಿದರೆ ಎದೆ ನಡುಗುವುದು. ‘ಪ್ರೇಷಿತ’ವನ್ನು ನಾನು ಮತ್ತೆ ಓದಿ ಮುಗಿಸಿದ್ದು ಇದರ ಬಳಿಕವೇ. ಅಷ್ಟರಲ್ಲಿ ಗುರುಜಿಯವರು ಇರಲಿಲ್ಲ.

2021ರ ಡಿಸೆಂಬರಿನಲ್ಲಿ ನಾಶಿಕದಲ್ಲಿ 94ನೆಯ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಡೆದಾಗ ನಾರಳೀಕರರೇ ಅಧ್ಯಕ್ಷರು; ಅನಾರೋಗ್ಯದಿಂದ ಬರಲಾಗಲಿಲ್ಲ. ಅವರನ್ನು ಇಷ್ಟು ಹತ್ತಿರದಿಂದ ಕಾಣುವ ಯೋಗ ನಮಗೆ ತಪ್ಪಿತು.

ಇನ್ನು ಆ ಎರಡನೆಯ ಪ್ರಶ್ನೆ. ಮಗಳು ಮರಾಠಿಯಲ್ಲಿ ಓದಲಿ, ಓದಿದ್ದನ್ನು ರಾತ್ರಿ ನಿಮಗೆ ಕನ್ನಡದಲ್ಲಿ ಹೇಳಲಿ ಎಂದೆನು. ಅವರು ಹಾಲಿನ ಬಿಲ್ಲಿನ ಬೆನ್ನಿಗೆ ‘ಹಿಮಪ್ರಳಯ’ ಎಂದು ಬರೆದುಕೊಂಡು ಹೋದರು. ಮೊನ್ನೆ ಫೋನು ಮಾಡಿದ್ದರು. ಅಂಗಡಿ ಮುಚ್ಚಿದ ಮೇಲೆ ಹುಡುಗಿ ಬೆಂಚಿನ ಮೇಲೆ ಕುಳಿತು ಕಥೆ ಹೇಳುವಳಂತೆ; ‘ಪೈಜ’ ಎಂಬುದಕ್ಕೆ ಬಾಜಿಯೆನ್ನಬೇಕೋ ಪಂಥವೆನ್ನಬೇಕೋ ಎಂದು ತಂದೆ-ಮಗಳಿಗೆ ಅರ್ಧ ಗಂಟೆ ವಾದವಾಯಿತಂತೆ. “ವಾಮನನನ್ನು ತಂದುಬಿಡಲೆ ಅಣ್ಣ?” ಎಂದರು. ಮೊದಲು ಪಾನಿಪತ ಮುಗಿಯಲಿ, ಒಂದು ತಿಂಗಳು ತಡೆಯಿರಿ ಎಂದಿದ್ದೇನೆ.